ಹುಳದ ಮನೆಗೂ ಚಳಿಯಾಗುತ್ತೆ

ಇಲ್ಲಿ ಏನೂ ಬರೆಯದೆ ತಿಂಗಳುಗಟ್ಟಲೆ ಆಯ್ತು. ಆಫೀಸಿನ ರಿಲೀಸು, ಊರಿನ ಓಡಾಟ.. ಹೀಗೆ ಏನು ನೆಪ ಹೇಳಿದರೂ ಅರ್ಧ ಸುಳ್ಳು. ನಿಜ ಏನಂದ್ರೆ, ಬರೆಯಬೇಕು ಅಂದುಕೊಂಡಿದ್ದ ವಿಷಯ ಬರೆಯೋಕೆ ನಾಚಿಕೆಯಾಗ್ತಿತ್ತು. ಮೊನ್ನೆ ಕಾಲೇಜಿನ ಗೆಳೆಯನೊಬ್ಬ ಫೋನ್ ಮಾಡಿ "ಊರಲ್ಲಿ ಹಳೇ ಹೆಂಚಿನ ಮನೆ ಕೆಡವಿ ಮೋಲ್ಡ್ ಹಾಕಿಸ್ತಿದೀನಿ ಕಣೋ, ಅದರಲ್ಲೇ ಹುಳ ಮೇಯಿಸಬಹುದು ಅಂತಿದಾರೆ ಅಪ್ಪ" ಅಂದ. ಅವನಿಗೆ ಒಂದು ಗಂಟೆ ಕೊರೆದೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆದುಬಿಡ್ತೀನಿ, ನಾಚಿಕೆ ಅಲ್ಲೇ ಅರ್ಧ ಹೋಗಿದೆ :)

ನಮ್ಮೂರು ರಾಮನಗರದ ಹತ್ತಿರ, ಅರ್ಕಾವತಿ ದಂಡೆಯಲ್ಲಿ. (2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು, ನಮ್ಮ ಅಜ್ಜಿಗೆ ಇನ್ನೂ ಅದು ಕ್ಲೋಸ್‌ಪೇಟೆಯೇ.) ಆಫೀಸಿನಲ್ಲಿ ಊರು ಯಾವುದು ಅಂದಾಗ ರಾಮನಗರ ಅಂದ್ರೆ ಎಲ್ಲರೂ 'ಓ ಶೋಲೆ!' ಅಂತಾರೆ. ನಮಗೆ ಬಂಡೆಗಿಂತ ಗೂಡಿನ ಮಾರ್ಕೆಟ್ಟೇ ದೊಡ್ಡದು. ಏಷ್ಯಾದಲ್ಲೇ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಅಂತ ಶಾಲೆಯಲ್ಲಿ ಓದಿದ್ದು. ಅಪ್ಪನ ಜೊತೆ ಅಲ್ಲಿಗೆ ಹೋದಾಗಲೆಲ್ಲ ನನಗೆ ನೆನಪಿರೋದು ಆ ವಾಸನೆ, ಮತ್ತೆ ಹರಾಜು ಮುಗಿದ ಮೇಲೆ ಸಿಗುತ್ತಿದ್ದ ಸೆಟ್ ದೋಸೆ. ನನ್ನ ಇಂಜಿನಿಯರಿಂಗ್ ಫೀಸು, ಅಕ್ಕನ ಮದುವೆ, ಬೋರ್‌ವೆಲ್ಲು, ಎಲ್ಲ ಹುಳದ ದುಡ್ಡೇ.

ಹಳೇ ಮನೆ ಬಗ್ಗೆ ಸ್ವಲ್ಪ ಹೇಳಬೇಕು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಕೆಳಗೆ ಮಂಡಿಯೆತ್ತರ ಕಲ್ಲಿನ ಕಟ್ಟಡ, ಮೇಲೆ ಮಂಗಳೂರು ಹೆಂಚು. ಹೆಂಚಿಗೂ ನಮಗೂ ನಡುವೆ ಅಟ್ಟ. ಅಟ್ಟದ ನೆಲ ಅಂದ್ರೆ ಬಿದಿರಿನ ಗಳ ಒತ್ತೊತ್ತಾಗಿ ಹಾಸಿ ಮೇಲೆ ಮಣ್ಣು ಮೆತ್ತಿದ್ದು. ಅದರ ಮೇಲೆ ಹಳೇ ಚಂದ್ರಿಕೆಗಳು, ಹುಣಸೆಹಣ್ಣು, ತೆಂಗಿನಕಾಯಿ, ಯಾರಿಗೂ ಬೇಡದ ತೊಟ್ಟಿಲು. ಮನೆಯ ಅರ್ಧ ಭಾಗ ನಮಗೆ, ಅರ್ಧ ಭಾಗ ಹುಳಕ್ಕೆ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಮಲಗಿದ್ರೆ ಗೋಡೆಯಾಚೆ ಮಳೆ ಬಂದಂಗೆ ಸದ್ದು.. ಹುಳ ಸೊಪ್ಪು ತಿನ್ನುವ ಸದ್ದು. ಕೇಳದೇ ಇದ್ದವರಿಗೆ ಅದನ್ನ ಹೇಳಿ ಅರ್ಥ ಮಾಡಿಸೋಕಾಗಲ್ಲ.

(ಹುಳಕ್ಕೆ ಜ್ವರವೇ ಅಂತ ನಗಬೇಡಿ. ಹುಳ ಪೊರೆ ಬಿಡೋ ಮುಂಚೆ ಒಂದು ದಿನ ಸೊಪ್ಪು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕು ಜ್ವರ ಎದ್ದರೆ ಹುಳ ಹಣ್ಣಾಗಿ ಗೂಡು ಕಟ್ಟುತ್ತೆ.)

2022ರ ಆಗಸ್ಟ್ ಕೊನೆಯ ಮಳೆ ನಿಮಗೆ ನೆನಪಿರಬೇಕು. ರಾಮನಗರದ ಹತ್ತಿರ ಬೆಂಗಳೂರು-ಮೈಸೂರು ಹೆದ್ದಾರಿ ಮೇಲೆ ನೀರು ನಿಂತು ಬಸ್ಸುಗಳು ಮುಳುಗಿದ್ದನ್ನ ಟೀವಿಯಲ್ಲಿ ತೋರಿಸಿದ್ದರು. ನಮ್ಮನೆ ಹಿತ್ತಿಲಿಗೂ ನೀರು ಬಂತು. ಮೂರು ದಿನ ನಿಂತು ಇಳಿದು ಹೋಯ್ತು. ಮಣ್ಣಿನ ಗೋಡೆಗೆ ಮೇಲಿನಿಂದ ಮಳೆ ಬಿದ್ದರೆ ತಡೆಯುತ್ತೆ, ಬುಡದಲ್ಲಿ ನೀರು ನಿಂತರೆ ಮುಗೀತು. ಹುಳದ ಮನೆ ಕಡೆಯ ಹಿಂದಿನ ಗೋಡೆ ಒಂದು ಬೆಳಗ್ಗೆ ಕುಸಿದು ಕೂತಿತು. ಪುಣ್ಯಕ್ಕೆ ಆಗ ಹುಳ ಇರಲಿಲ್ಲ.

ರಿಪೇರಿ ಮಾಡಿಸಬಹುದಿತ್ತು. ಅಪ್ಪನಿಗೂ ಅದೇ ಮನಸ್ಸಿತ್ತು. ನಾನೇ ಹಠ ಹಿಡಿದೆ. "ಮಣ್ಣಿನ ಮನೆ ಕಾಲ ಮುಗೀತಪ್ಪ, ಆ ಅರ್ಧ ಕೆಡವಿ ಮೋಲ್ಡ್ ಹಾಕಿಸೋಣ, ದುಡ್ಡು ನಾನು ಕೊಡ್ತೀನಿ" ಅಂದೆ. ಮೊದಲ ಸಲ ಮನೆಗೆ ದೊಡ್ಡದಾಗಿ ದುಡ್ಡು ಕೊಡ್ತಿದ್ದೆ. ಆ ಜಂಬ ಇತ್ತು, ಒಪ್ಕೋತೀನಿ. ಅಜ್ಜಿ ಮಾತ್ರ "ಎಂಚು ಇಳ್ಸ್‌ಬುಟ್ರೆ ಉಳ ಎಂಗ್ಲಾ ಉಸ್ರಾಡ್ತವೆ?" ಅಂದ್ರು. ನಾನು ನಕ್ಕೆ. ಸಿಮೆಂಟ್ ಬ್ಲಾಕಿನ ಆರಿಂಚು ಗೋಡೆ, ಐದಿಂಚು ಮೋಲ್ಡು, ಊಜಿ ನೊಣ ಬರದಂಗೆ ಬಲೆ ಹಾಕಿದ ಆರು ಕಿಟಕಿ. ಎಲ್ಲ ಶಾಸ್ತ್ರೋಕ್ತ!

ಮೋಲ್ಡ್ ಹಾಕಿದ ದಿನ ನಾನು ಊರಲ್ಲಿರಲಿಲ್ಲ. 2023ರ ಮೊದಲ ಆರು ತಿಂಗಳು ಕಂಪನಿಯವರು ಗ್ಲಾಸ್ಗೋಗೆ ಕಳಿಸಿದ್ದರು. ಕ್ಲೈಡ್ ನದಿ ದಂಡೆಯ ಊರು. ಚಳಿಗಿಂತ ಜಾಸ್ತಿ ತೇವ ಅಲ್ಲಿ. ನಾನಿದ್ದದ್ದು ನೂರು ವರ್ಷಕ್ಕೂ ಹಳೆಯ ಮರಳುಗಲ್ಲಿನ ಕಟ್ಟಡ, ಅಲ್ಲಿಯವರು ಟೆನಮೆಂಟ್ ಅಂತಾರೆ. ಗೋಡೆ ಎರಡಡಿ ದಪ್ಪ, ನಮ್ಮ ಹಳೇ ಮನೆಯ ಅಣ್ಣನಂತೆ. ಬಾಡಿಗೆ ಹೀಟರಿಗಿಂತ ಕರೆಂಟ್ ಬಿಲ್ಲೇ ಹೆದರಿಸುತ್ತಿತ್ತು. ನಾನು ಕಿಟಕಿ ಸಂದಿಗೆಲ್ಲ ಟೇಪ್ ಅಂಟಿಸಿ, ಒಳಗೇ ಅನ್ನ ಸಾರು ಬೇಯಿಸಿ, ಒಳಗೇ ಬಟ್ಟೆ ಒಣಗಿಸಿ ಬೆಚ್ಚಗಿದ್ದೆ. ಫೆಬ್ರವರಿ ಹೊತ್ತಿಗೆ ಬೀರು ಹಿಂದಿನ ಮೂಲೆಯಲ್ಲಿ ಕರೀ ಬೂಷ್ಟು. ನೋಡೋಕೆ ಬಂದ ಮನೆ ಓನರ್ ದಿನಕ್ಕೆ ಎರಡು ಸಲ ಹತ್ತು ನಿಮಿಷ ಕಿಟಕಿ ತೆಗೆಯಿರಿ ಅಂದ. ಹೊರಗೆ ಮೂರು ಡಿಗ್ರಿ! ಇವನಿಗೆ ಹುಚ್ಚು ಅಂದ್ಕೊಂಡೆ. ಹಳೇ ಕಲ್ಲಿನ ಗೋಡೆ ಸುಣ್ಣದ ಗಾರೆಯ ಮೂಲಕ ತೇವ ಎಳೆದು ಬಿಡುತ್ತೆ, ಅದಕ್ಕೆ ಸಿಮೆಂಟ್ ಬಳಿದು ಉಸಿರು ಕಟ್ಟಿಸಿದರೆ ಕಲ್ಲೇ ಪುಡಿಯಾಗುತ್ತೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ನಾನೂ ಓದಿದೆ. ಓದಿ, ಅದು ಸ್ಕಾಟ್ಲೆಂಡಿನ ವಿಷಯ ಅಂತ ಅಲ್ಲೇ ಬಿಟ್ಟು ಬಂದೆ.

ಹೊಸ ಹುಳದ ಮನೆಯಲ್ಲಿ ಮೊದಲ ಎರಡು ಬೆಳೆ ಚೆನ್ನಾಗೇ ಆಯ್ತು. ಮಳೆಗಾಲ ದಾಟಿತು. ಡಿಸೆಂಬರ್ ಬಂತು.

2023ರ ಡಿಸೆಂಬರ್ ಬೆಳೆಗೆ ಅಪ್ಪ ಇನ್ನೂರು ಮೊಟ್ಟೆಯ ದ್ವಿತಳಿ ಹುಳ ತಂದಿದ್ದರು. ಈಗ ಚಾಕಿ ಸೆಂಟರಿನವರೇ ಎರಡನೇ ಜ್ವರ ಎಬ್ಬಿಸಿ ಕೊಡ್ತಾರೆ. ಇನ್ನೂರು ಮೊಟ್ಟೆ ಅಂದ್ರೆ ಇನ್ನೂರು ಹುಳ ಅಲ್ಲ, ಚಿಟ್ಟೆಯೊಂದು ಇಡುವ ಐನೂರು ಚಿಲ್ಲರೆ ಮೊಟ್ಟೆಗೆ ಒಂದು ಲೆಕ್ಕ. ಹತ್ತಿರ ಹತ್ತಿರ ಲಕ್ಷ ಜೀವ. ನಾಟಿ ಮೈಸೂರು ತಳಿಯ ಮಿಶ್ರತಳಿ ಹುಳ ಒಂದಿಷ್ಟು ಹೆಚ್ಚು ಕಮ್ಮಿ ಆದ್ರೂ ತಡಕೊಳ್ಳುತ್ತೆ. (ಮಾಗಡಿ ಕಡೆ ಆ ತಳಿಯನ್ನ ಬಿತ್ತನೆಗೆ ಅಂತಲೇ ಇವತ್ತಿಗೂ ಬೆಳೀತಾರೆ.) ದ್ವಿತಳಿ ಹಾಗಲ್ಲ, ಒಳ್ಳೆ ಗೂಡು ಕೊಡುತ್ತೆ, ಆದ್ರೆ ನಾಜೂಕು. ಚಿಕ್ಕ ಹುಳಕ್ಕೆ 27, 28 ಡಿಗ್ರಿ, ತೇವಾಂಶ ಶೇಕಡಾ 85. ಬೆಳೀತಾ ಬೆಳೀತಾ ಇಳಿಸಿ, ಕೊನೆ ಹಂತಕ್ಕೆ 24, 25 ಡಿಗ್ರಿ, ತೇವಾಂಶ 70. ಹುಳದ ಮೈಗೆ ಅದರದೇ ಕಾವಿಲ್ಲ. ಕೋಣೆ ಎಷ್ಟು ತಣ್ಣಗೋ ಹುಳವೂ ಅಷ್ಟೇ ತಣ್ಣಗೆ.

ಆ ವಾರ ರಾತ್ರಿ ಹೊರಗೆ ಹದಿನೈದರ ಆಸುಪಾಸು. ಒಳಗೆ ಹತ್ತೊಂಬತ್ತಕ್ಕೆ ಇಳೀತಿದೆ, ಹುಳ ಸೊಪ್ಪು ಮುಟ್ತಿಲ್ಲ ಅಂತ ಅಪ್ಪ ಫೋನ್ ಮಾಡಿದರು. ನಾನು ಬೆಂಗಳೂರಿನ ರೂಮಿನಲ್ಲಿ ಕೂತು ವೀಡಿಯೋ ಕಾಲಿನಲ್ಲಿ ಹೇಳಿದೆ: ಆರು ಕಿಟಕಿಗೂ ಟಾರ್ಪಾಲು ಕಟ್ಟಿ, ಬಾಗಿಲ ಸಂದಿಗೆ ಗೋಣಿ ತುರುಕಿ, ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಡಿ. ಕಾವು ಹೊರಗೆ ಹೋಗಬಾರದು ಅಷ್ಟೇ. ಅಪ್ಪ ಒಂದು ಸಲ "ಪೂರಾ ಮುಚ್ಬುಡದಾ?" ಅಂತ ಕೇಳಿದರು. ಪೂರಾ ಅಂದೆ. ಇಂಜಿನಿಯರ್ ಮಗ ಹೇಳಿದ್ದು. ಮುಚ್ಚಿದರು.

ಎರಡನೇ ರಾತ್ರಿ ಅವ್ವ ಸೊಪ್ಪು ಹಾಕೋಕೆ ಒಳಗೆ ಹೋಗಿ ಅಲ್ಲೇ ಕುಸಿದು ಕೂತರು. ತಲೆ ಸುತ್ತು, ವಾಂತಿ. ಇದ್ದಿಲಿನ ಹೊಗೆ ಕಣ್ಣಿಗೆ ಕಾಣಲ್ಲ, ಮೂಗಿಗೂ ಬಡಿಯಲ್ಲ. ಕಾರ್ಬನ್ ಮೊನಾಕ್ಸೈಡ್ ಅಂತ ಪಿಯುಸಿಯಲ್ಲಿ ನಾನೇ ಸಮೀಕರಣ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅಜ್ಜಿ ಹೋಗಿ ಬಾಗಿಲು ಒದ್ದು ತೆಗೆದು, ಟಾರ್ಪಾಲು ಕಿತ್ತೆಸೆದು, ಅವ್ವನನ್ನ ಅಂಗಳಕ್ಕೆ ಎಳಕೊಂಡು ಬಂದರಂತೆ. ಎಪ್ಪತ್ತೆಂಟು ವರ್ಷ ಅವರಿಗೆ. ಅವ್ವ ಬೆಳಗ್ಗೆ ಹೊತ್ತಿಗೆ ಸರಿಯಾದರು. ನನಗೆ ಈ ವಿಷಯ ಹೇಳಿದ್ದು ನಾಲ್ಕು ದಿನ ಆದ ಮೇಲೆ, ಅದೂ ಅಕ್ಕ.

ಶನಿವಾರ ಊರಿಗೆ ಹೋದೆ. ಹುಳದ ಮನೆ ಬಾಗಿಲು ತೆಗೆದರೆ ತಲೆ ಮೇಲೆ ಹನಿ ಬಿತ್ತು. ಮಳೆ ಇಲ್ಲ, ಪೈಪ್ ಒಡೆದಿಲ್ಲ. ಟಾರ್ಚ್ ಹಾಕಿ ಮೇಲೆ ನೋಡಿದೆ. ಮೋಲ್ಡಿನ ಒಳಮೈ ತುಂಬಾ ಸಣ್ಣ ಸಣ್ಣ ಹನಿ. ಇಡ್ಲಿ ಪಾತ್ರೆ ಮುಚ್ಚಳ ತೆಗೆದರೆ ಹೇಗಿರುತ್ತೆ, ಹಾಗೆ. ಕೆಳಗೆ ಸ್ಟ್ಯಾಂಡಿನ ಮೇಲೆ ಹುಳ ಕಲ್ಲಿನಂತೆ ಗಟ್ಟಿಯಾಗಿ, ಸುಣ್ಣದ ಕಡ್ಡಿ ಚೂರಿನಂತೆ ಬೆಳ್ಳಗೆ ಬಿದ್ದಿದ್ದವು. ಸುಣ್ಣಕಟ್ಟು. ಚಳಿ ಮತ್ತು ತೇವ ಎರಡೂ ಸೇರಿದರೆ ಬರುವ ಬೂಷ್ಟಿನ ರೋಗ.

ಸುಣ್ಣಕಟ್ಟಿನ ಬಗ್ಗೆ ಒಂದು ಮಾತು. ಇಟಲಿಯಲ್ಲಿ ಆಗಸ್ಟಿನೋ ಬಾಸ್ಸಿ ಅಂತ ಒಬ್ಬರು ವರ್ಷಗಟ್ಟಲೆ ಈ ರೋಗದ ಹಿಂದೆ ಬಿದ್ದು, 1835ರಲ್ಲಿ ಇದಕ್ಕೆ ಕಾರಣ ಕಣ್ಣಿಗೆ ಕಾಣದ ಒಂದು ಜೀವಿ ಅಂತ ಪ್ರಕಟಿಸಿದರು. ಪಾಶ್ಚರ್ ರೇಷ್ಮೆಹುಳದ ಗಂಟುರೋಗದ ಕೆಲಸ ಮಾಡುವುದಕ್ಕೂ ಮೂವತ್ತು ವರ್ಷ ಮುಂಚೆ. ಸೂಕ್ಷ್ಮಜೀವಿಯಿಂದ ಪ್ರಾಣಿಗಳಿಗೆ ರೋಗ ಬರುತ್ತೆ ಅಂತ ಜಗತ್ತು ಮೊದಲು ಕಲಿತದ್ದು ಇಂಥ ಹುಳದಿಂದಲೇ. ಆ ಬೂಷ್ಟಿಗೆ ಬಾಸ್ಸಿ ಹೆಸರೇ ಇಟ್ಟಿದ್ದಾರೆ, ಬ್ಯುವೇರಿಯಾ ಬಾಸಿಯಾನಾ ಅಂತ. ನಾನು ಇದನ್ನ ಓದಿದ್ದು ಸತ್ತ ಹುಳಗಳನ್ನ ಹೂತು ಬಂದ ರಾತ್ರಿ, ನಿದ್ದೆ ಬರದೆ.

ನೂರ ಮೂವತ್ತು ಕಿಲೋ ಗೂಡು ಆಗಬೇಕಿದ್ದ ಬೆಳೆ ಮೂವತ್ತನಾಲ್ಕು ಕಿಲೋ ಆಯ್ತು. ಅದರಲ್ಲೂ ಜಾಳು ಗೂಡೇ ಹೆಚ್ಚು. ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಮಾರ್ಕೆಟ್ಟಿಂದ ಬಂದು ಚೀಲ ಕೊಡವಿ ಮಡಚಿಟ್ಟು, "ನೀನೇಳ್ದಂಗೇ ಮಾಡಿದ್ವಲ್ಲಪ್ಪ" ಅಂದ್ರು. ಅಷ್ಟೇ. ಅದು ದೂರು ಅಲ್ಲ, ಅವರಿಗೆ ನಿಜವಾಗಲೂ ಎಲ್ಲಿ ತಪ್ಪಾಯ್ತು ಅಂತ ಅರ್ಥವಾಗಿರಲಿಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು.

ಸರಿ, ಎಲ್ಲಿ ತಪ್ಪಾಯ್ತು? ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿದ್ದ ಲೆಕ್ಕ.

25 ಡಿಗ್ರಿ ಇರುವ, ತೇವಾಂಶ ಶೇಕಡಾ 80 ಇರುವ ಗಾಳಿ 21 ಡಿಗ್ರಿಯ ಯಾವುದೇ ಮೈಗೆ ತಾಗಿದರೂ ನೀರಾಗುತ್ತೆ. ಒಳಗೆ 25, ಹೊರಗೆ 15 ಇದ್ದಾಗ ಐದಿಂಚು ಕಾಂಕ್ರೀಟಿನ ಒಳಮೈ ಇಪ್ಪತ್ತೂವರೆ ಡಿಗ್ರಿಗೆ ಇಳಿದಿರುತ್ತೆ. ಕಾಂಕ್ರೀಟು ಗಟ್ಟಿ, ಆದ್ರೆ ಕಾವು ತಡೆಯೋ ವಿಷಯದಲ್ಲಿ ಜರಡಿ. ಮೋಡ ಇಲ್ಲದ ರಾತ್ರಿ ಆಕಾಶಕ್ಕೆ ಮುಖ ಮಾಡಿದ ಮೋಲ್ಡು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತೆ. ಅಂದ ಮೇಲೆ ಬೆವರದೇ ಇದ್ದರೆ ಆಶ್ಚರ್ಯ. ಇನ್ನು ತೇವ ಎಲ್ಲಿಂದ? ಕೊನೆ ಹಂತದಲ್ಲಿ ಹುಳಕ್ಕೆ ದಿನಕ್ಕೆ ಇನ್ನೂರು ಕಿಲೋಗೂ ಮಿಕ್ಕಿ ಸೊಪ್ಪು ಹಾಕ್ತೀವಿ. ಹಸಿ ಸೊಪ್ಪಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಒಂದಷ್ಟು ಹುಳದ ಮೈಗೆ, ಒಂದಷ್ಟು ಹಿಕ್ಕೆಗೆ ಹೋದರೂ ಉಳಿದದ್ದೆಲ್ಲ ಕೋಣೆಯ ಗಾಳಿಗೇ. ಅಂದ್ರೆ ನಾನು ದಿನಾ ಬಿಂದಿಗೆಗಟ್ಟಲೆ ನೀರು ಆವಿಯಾಗುವ ಕೋಣೆಗೆ ಪ್ಲಾಸ್ಟಿಕ್ ಸುತ್ತಿಸಿದ್ದೆ. ಗ್ಲಾಸ್ಗೋದಲ್ಲಿ ಬೀರು ಹಿಂದೆ ಮಾಡಿದ್ದನ್ನೇ ಅಪ್ಪನ ಬೆಳೆಗೆ ಮಾಡಿದ್ದೆ.

ಹಳೇ ಮನೆ ಹೇಗೆ ತಡಕೊಳ್ತಿತ್ತು ಅನ್ನೋದು ಆಗ ಹೊಳೀತು. ಹೆಂಚಿಗೂ ಅಟ್ಟಕ್ಕೂ ನಡುವೆ ಇದ್ದ ಗಾಳಿ, ಅಟ್ಟದ ಮಣ್ಣು, ಅದರ ಮೇಲಿನ ಹಾಳು ಮೂಳು, ಎಲ್ಲ ಸೇರಿ ಒಂದು ದಪ್ಪ ಕಂಬಳಿ. ಹೆಂಚಿನ ಸಂದಿಯಲ್ಲಿ ಆವಿ ತಾನೇ ಹೊರಗೆ ಹೋಗ್ತಿತ್ತು, ಇದ್ದಿಲಿನ ಹೊಗೆಯೂ. ಮಣ್ಣಿನ ಗೋಡೆ ತೇವ ಜಾಸ್ತಿಯಾದಾಗ ಕುಡಿದು, ಕಮ್ಮಿಯಾದಾಗ ಬಿಡ್ತಿತ್ತು. 'ಉಳ ಎಂಗ್ಲಾ ಉಸ್ರಾಡ್ತವೆ' ಅಂತ ಅಜ್ಜಿ ಕೇಳಿದ್ದಕ್ಕೆ ಇಂಜಿನಿಯರಿಂಗ್ ಭಾಷೆಯಲ್ಲಿ ನಾಲ್ಕು ಪುಟ ಬರೆಯಬಹುದು. ಹಾಗಂತ ಹಳೇದೆಲ್ಲ ಬಂಗಾರ ಅಂತ ನಾನೇನೂ ಹೇಳಲ್ಲ. ಆ ಮನೆಯಲ್ಲಿ ಇಲಿ, ಗೆದ್ದಲು, ಊಜಿ ಎಲ್ಲಾ ಇತ್ತು. ಮಳೆಗಾಲದಲ್ಲಿ ಅಪ್ಪ ಹೆಂಚು ಹತ್ತಿ ಒಂದು ಸಲ ಬಿದ್ದು ಕೈ ಮುರ್ಕೊಂಡಿದ್ದೂ ಉಂಟು.

ಈಗ ಇರೋ ಮೋಲ್ಡಿಗೆ ಏನು ಮಾಡೋದು? ನನ್ನ ಮೊದಲ ಐಡಿಯಾ ಒಳಗಡೆಯಿಂದ ಥರ್ಮೋಕೋಲ್ ಶೀಟ್ ಅಂಟಿಸಿಬಿಡೋದು. ಅಗ್ಗ, ಒಂದು ಭಾನುವಾರದ ಕೆಲಸ. ಅಜ್ಜಿ ಶೀಟನ್ನ ಉಗುರಲ್ಲಿ ಚಿವುಟಿ ನೋಡಿ "ಇಲಿ ಮರಿ ಆಕಾಕೆ ಚೆಂದಾಗೈತೆ" ಅಂದ್ರು. ಈ ಸಲ ನಗಲಿಲ್ಲ. ಅವರು ಹೇಳಿದ್ದು ನಿಜ, ಇರುವೆನೂ ಅದನ್ನ ಕೊರೆಯುತ್ತೆ. ಅದಕ್ಕಿಂತ ಮುಖ್ಯ, ಪ್ರತಿ ಬೆಳೆ ಮುಗಿದ ಮೇಲೆ ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ನೀರು ಹೊಡೆದು ತೊಳೀಬೇಕು. ಥರ್ಮೋಕೋಲ್ ಸಂದಿಯಲ್ಲಿ ಸುಣ್ಣಕಟ್ಟಿನ ಬೀಜ ಉಳಿದರೆ ಮುಂದಿನ ಬೆಳೆಗೂ ಅದೇ ಗತಿ. ಒಳಗೆ ಹಾಕಿದರೆ ಶೀಟು ದಾಟಿ ಹೋದ ಆವಿ ಅದರ ಹಿಂದಿನ ತಣ್ಣನೆ ಮೋಲ್ಡಿನಲ್ಲಿ ಗುಟ್ಟಾಗಿ ನೀರಾಗುತ್ತೆ, ನಮಗೆ ಕಾಣೋದೂ ಇಲ್ಲ.

ಹಾಗಾಗಿ 2024ರ ಏಪ್ರಿಲ್‌ನಲ್ಲಿ ಮೇಲೆ ಹಾಕಿಸಿದ್ವಿ. ಮೋಲ್ಡಿನ ಮೇಲೆ ನೀರು ಇಳಿಯದ ಲೇಪ, ಅದರ ಮೇಲೆ ಎರಡಿಂಚಿನ ಗಟ್ಟಿ ಥರ್ಮೋಕೋಲ್ ಹಲಗೆ, ಮೇಲೆ ಇಳಿಜಾರು ಕೊಟ್ಟು ತೆಳು ಕಾಂಕ್ರೀಟು. ಲೆಕ್ಕದ ಪ್ರಕಾರ ಅದೇ ಚಳಿಗೆ ಒಳಮೈ ಈಗ 24ರ ಮೇಲೆ ಇರಬೇಕು. ಹಿಂದೆ ತಾರಸಿ ಮೇಲೆ ಮಡಕೆ ಬೋರಲು ಹಾಕಿ ಸಂದಿಗೆ ಮಣ್ಣು ತುಂಬುತ್ತಿದ್ದರಲ್ಲ, ಅದೇ ಉಪಾಯ, ಮಡಕೆ ಬದಲು ಥರ್ಮೋಕೋಲ್. ಎರಡರಲ್ಲೂ ಕೆಲಸ ಮಾಡೋದು ಒಳಗೆ ಸಿಕ್ಕಿಬಿದ್ದ ಗಾಳಿಯೇ. ಕಂಟ್ರಾಕ್ಟರ್ ಮೇಲೆ ಸಾದಾ ಟೈಲ್ಸ್ ಹಾಕೋಣ ಅಂದ. ಅಪ್ಪ ಬೇಡ ಅಂದು, ಹಿತ್ತಿಲಲ್ಲಿ ಜೋಡಿಸಿಟ್ಟಿದ್ದ ಹಳೇ ಮಂಗಳೂರು ಹೆಂಚನ್ನ ಮೇಲೆ ಸಾಗಿಸಿ, ಕಬ್ಬಿಣದ ಪೈಪಿನ ಮೇಲೆ ಒಂದಡಿ ಎತ್ತರದಲ್ಲಿ ಹೊದಿಸಿದರು. ಬೇಸಿಗೆಗೆ ಅದು ನನ್ನ ಥರ್ಮೋಕೋಲಿಗಿಂತ ಜಾಸ್ತಿ ಕೆಲಸ ಮಾಡ್ತಿದೆ ಅನ್ಸುತ್ತೆ, ಬಿಸಿಲು ಮೋಲ್ಡಿಗೆ ತಾಗೋದೇ ಇಲ್ಲ. ಎರಡು ತಿಂಗಳ ಸಂಬಳ ಹೋಯ್ತು. ಹೋಗಲಿ.

ಗಾಳಿಗೆ ಗೋಡೆಯ ಬುಡದಲ್ಲಿ ಎರಡು ಕಡೆ, ಎದುರು ಗೋಡೆಯ ತುದಿಯಲ್ಲಿ ಎರಡು ಕಡೆ ಬಲೆ ಹಾಕಿದ ಸಣ್ಣ ಕಿಂಡಿ ತೆಗೆಸಿದ್ವಿ. ಬಿಸಿ ಗಾಳಿ ಆವಿ ಹೊತ್ತುಕೊಂಡು ಮೇಲಿಂದ ಹೋಗುತ್ತೆ, ಕೆಳಗಿಂದ ಒಣ ಗಾಳಿ ಬರುತ್ತೆ. ಒಂದಷ್ಟು ಕಾವು ಹೋಗುತ್ತೆ, ಆದ್ರೆ ಹೋಗಲೇಬೇಕು. ಇದ್ದಿಲು ಪೂರ್ತಿ ಬಂದ್. ಕರೆಂಟ್ ಹೀಟರ್ ಇಟ್ಟಿದೀವಿ, ರಾತ್ರಿ ಕರೆಂಟ್ ಕೈಕೊಟ್ಟರೆ ಏನು ಅನ್ನೋದಕ್ಕೆ ಮಾತ್ರ ಇನ್ನೂ ಒಳ್ಳೆ ಉತ್ತರ ಇಲ್ಲ.

ನನ್ನ ಕೈ ಸುಮ್ಮನಿರಬೇಕಲ್ಲ, ಮುನ್ನೂರು ರೂಪಾಯಿಯ ಸೆನ್ಸರ್ ತಂದು, ಕೋಣೆಯ ಕಾವು ತೇವ ಹತ್ತು ನಿಮಿಷಕ್ಕೊಮ್ಮೆ ನನ್ನ ಫೋನಿಗೆ ಬರೋ ಹಾಗೆ ಪ್ರೋಗ್ರಾಂ ಬರೆದೆ. ಬಹಳ ಹೆಮ್ಮೆಯಿಂದ ಅಪ್ಪನಿಗೆ ಗ್ರಾಫ್ ತೋರಿಸಿದೆ. ಅಪ್ಪ ಗೋಡೆಯಲ್ಲಿ ನೇತು ಹಾಕಿದ್ದ ಒಣ-ಒದ್ದೆ ಥರ್ಮಾಮೀಟರ್ ಕಡೆ ಕೈ ತೋರಿಸಿದರು. ರೇಷ್ಮೆ ಇಲಾಖೆಯವರು ಯಾವತ್ತೋ ಕೊಟ್ಟಿದ್ದು. ಎರಡು ಕೊಳವೆಯ ವ್ಯತ್ಯಾಸ ನೋಡಿ ತೇವಾಂಶ ಹೇಳೋದು ಅವರಿಗೆ ಬಾಯಿಪಾಠ. ಆ ಡಿಸೆಂಬರಿನಲ್ಲಿ ಎರಡೂ ಕೊಳವೆ ಒಂದೇ ಸಮ ತೋರಿಸ್ತಿದ್ದವಂತೆ. ಅಂದ್ರೆ ತೇವಾಂಶ ನೂರರ ಹತ್ತಿರ. "ನೋಡಿದ್ದೆ ಕಣಪ್ಪ, ನೀನು ಮುಚ್ಚು ಅಂದಿದ್ಯಲ್ಲ" ಅಂದ್ರು.

2024ರ ಡಿಸೆಂಬರಿನಲ್ಲಿ ನೂರೈವತ್ತು ಮೊಟ್ಟೆ ಮಾತ್ರ ತಂದ್ವಿ, ಇನ್ನೂರಕ್ಕೆ ಯಾರಿಗೂ ಧೈರ್ಯ ಇರಲಿಲ್ಲ. ಹುಳ ನಾಲ್ಕನೇ ಜ್ವರಕ್ಕೆ ಕೂತ ರಾತ್ರಿಯಿಂದ ರಜೆ ಹಾಕಿ ಊರಲ್ಲೇ ಇದ್ದೆ. ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ಹೋದರೆ ಅಪ್ಪ ಆಗಲೇ ಅಲ್ಲಿ ಸ್ಟೂಲ್ ಹತ್ತಿ ನಿಂತು ಮೋಲ್ಡಿಗೆ ಅಂಗೈ ಸವರುತ್ತಿದ್ದರು. ಒಣಗಿತ್ತು. ಇಬ್ಬರೂ ಏನೂ ಮಾತಾಡಲಿಲ್ಲ. ಕೆಳಗೆ ಹುಳದ ಸದ್ದೂ ಇಲ್ಲ, ಜ್ವರದಲ್ಲಿದ್ದವಲ್ಲ.

ಸುಣ್ಣಕಟ್ಟು ಬರಲೇ ಇಲ್ಲ ಅಂತಲ್ಲ. ಉತ್ತರದ ಗೋಡೆ ಪಕ್ಕದ ಸ್ಟ್ಯಾಂಡಿನ ಕೆಳಗಿನ ಅಂಕಣದಲ್ಲಿ ಬಂತು, ಒಂದು ಮೊರದಷ್ಟು ಹುಳ ತೆಗೆದು ಸುಟ್ಟು, ಉಳಿದದ್ದಕ್ಕೆ ಸುಣ್ಣದ ಪುಡಿ ಉದುರಿಸಿದ್ವಿ. ತೊಂಬತ್ತಾರು ಕಿಲೋ ಗೂಡು ಆಯ್ತು. ಮಾರ್ಕೆಟ್ಟಿಗೆ ನಾನೂ ಹೋಗಿದ್ದೆ. ದೋಸೆ ನಾನೇ ಕೊಡಿಸಿದೆ.

ಆ ಉತ್ತರದ ಗೋಡೆ ಇನ್ನೂ ಬಾಕಿ ಇದೆ. ಆರಿಂಚು ಬ್ಲಾಕು, ಬೆಳಗಿನ ಜಾವ ಮುಟ್ಟಿದರೆ ಐಸು. ಹೊರಗಡೆಯಿಂದ ಒಂದಡಿ ಬಿಟ್ಟು ಮಣ್ಣಿನ ಗೋಡೆ ಎಬ್ಬಿಸಿ ನಡುವೆ ರಾಗಿ ಹುಲ್ಲು ತುಂಬೋಣ ಅಂತ ಅಪ್ಪ, ಬರೀ ಮಣ್ಣೇ ಸಾಕು ಹುಲ್ಲಿಗೆ ಗೆದ್ದಲು ಬರುತ್ತೆ ಅಂತ ಅಜ್ಜಿ. ನನ್ನನ್ನ ಕೇಳಿದರು. ಯೋಚನೆ ಮಾಡಿ ಹೇಳ್ತೀನಿ ಅಂದಿದೀನಿ. ನಿಮ್ಮ ಊರಲ್ಲಿ ಯಾರಾದ್ರೂ ಬ್ಲಾಕಿನ ಗೋಡೆಗೆ ಹೊರಗಿನಿಂದ ಮಣ್ಣು ಮೆತ್ತಿಸಿ ಎರಡು ಮಳೆಗಾಲ ಕಂಡಿದ್ದರೆ ದಯವಿಟ್ಟು ಹೇಳಿ, ಸುಣ್ಣ ಎಷ್ಟು ಬೆರೆಸಿದಿರಿ, ಬುಡಕ್ಕೆ ಕಲ್ಲು ಎಷ್ಟೆತ್ತರ ಕಟ್ಟಿದಿರಿ ಅಂತ.